ಚೆನ್ನಿಗೆ ಒಂದು ಚಿಟಿಕೆ ಪುರಿ

ನಮ್ಮೂರಲ್ಲಿ ಬೆಳಗ್ಗೆ ಎದುರಾದವರನ್ನು ಯಾರೂ ತಿಂಡಿ ಆಯ್ತಾ ಎಂದು ಕೇಳುವುದಿಲ್ಲ. ಮೊಟ್ಟೆ ಆಯ್ತಾ ಎಂದು ಕೇಳುತ್ತಾರೆ. ಆಯ್ತು ಎಂದರೆ ಆ ಮನೆಯವರು ಹೇಳಬೇಕಾದ್ದನ್ನೆಲ್ಲ ಹೇಳಿಕೊಂಡು ಹಗುರಾಗಿದ್ದಾರೆ ಎಂದು ಅರ್ಥ. ಇಲ್ಲ ಎಂದರೆ ಯಾರೋ ಒಬ್ಬರು ಏನನ್ನೋ ಹೊಟ್ಟೆಯಲ್ಲಿ ಇಟ್ಟುಕೊಂಡು ಕೂತಿದ್ದಾರೆ. ಹೇಳದ ಮಾತು ಉಳಿದ ಮನೆಯಲ್ಲಿ ಕೋಳಿ ಮೊಟ್ಟೆ ಇಕ್ಕುವುದಿಲ್ಲ. ಯಾಕೆ ಎಂದು ನನ್ನನ್ನು ಕೇಳಬೇಡಿ. ನನ್ನ ಅಜ್ಜಿಯ ಕಾಲದಲ್ಲೂ ಹೀಗೇ ಇತ್ತು, ಆಕೆಯೂ ಯಾರನ್ನೂ ಕೇಳಲಿಲ್ಲ.

ಹಾಗಾಗಿ ನಮ್ಮಲ್ಲಿ ಜಗಳ ಜಾಸ್ತಿ, ಮುನಿಸು ಕಡಿಮೆ. ಸಾರಿಗೆ ಉಪ್ಪು ಹೆಚ್ಚಾದರೆ ಗಂಡ ಅಲ್ಲೇ ಹೇಳುತ್ತಾನೆ, ಹೇಳಿದ್ದು ಸರಿಯಿಲ್ಲ ಎಂದರೆ ಹೆಂಡತಿ ಅಲ್ಲೇ ತಿರುಗಿಸಿ ಕೊಡುತ್ತಾಳೆ. ಹೊರಗಿನಿಂದ ಬಂದವರು ನಮ್ಮನ್ನು ಬಾಯಿಬಡುಕರು ಅನ್ನುತ್ತಾರೆ. ಅನ್ನಲಿ. ಪ್ರತಿ ಮನೆಗೂ ಒಂದು ಮನೆಕೋಳಿ, ಪ್ರತಿ ಬಾಗಿಲ ಪಕ್ಕದಲ್ಲೂ ಒಂದು ಮೊಳೆ. ಅವತ್ತಿನ ಮೊಟ್ಟೆ ಒಡೆದ ಮೇಲೆ ಅರ್ಧ ಚಿಪ್ಪನ್ನು ಆ ಮೊಳೆಗೆ ಸಿಕ್ಕಿಸಬೇಕು. ಕೋಳಿ ಕಾವಿಗೆ ಕೂತಿದ್ದರೆ, ಗರಿ ಉದುರಿಸುತ್ತಿದ್ದರೆ, ಚಿಪ್ಪಿನ ಬದಲು ಒಂದು ಗರಿ ಸಿಕ್ಕಿಸಿದರೆ ಯಾರೂ ಏನೂ ಕೇಳುವುದಿಲ್ಲ. ಚಿಪ್ಪೂ ಇಲ್ಲ ಗರಿಯೂ ಇಲ್ಲ ಎಂದು ಒಂಬತ್ತು ದಿನ ಕಳೆದರೆ ಮನೆಯವರನ್ನೆಲ್ಲ ಹುಣಸೆಮರದ ಕಟ್ಟೆಯ ಮೇಲೆ ಎದುರುಬದುರು ಕೂರಿಸುತ್ತಾರೆ. ಅಲ್ಲಿ ಎಲ್ಲರ ಮುಂದೆ ಮಾತು ಹೊರಗೆ ಬರಬೇಕು. ಅದಾದ ಮೇಲೂ ಒಂಬತ್ತು ದಿನ ಮೊಟ್ಟೆ ಕಾಣದಿದ್ದರೆ, ಆ ಮನೆಗೆ ಕೊನೆಯದಾಗಿ ಕಾಲಿಟ್ಟವರು ಹುಟ್ಟಿದ ಮನೆಗೆ ಹೋಗಿ ಆರು ತಿಂಗಳು ಇರಬೇಕು. ಆರು ತಿಂಗಳು ಅನ್ನುವುದು ಬಾಯಿಮಾತು. ನಾನು ಕಂಡಂತೆ ಹಾಗೆ ಹೋದವರು ಏಳು ಜನ, ತಿರುಗಿ ಬಂದವರು ಇಬ್ಬರು.

ನಾನು ಸಾಕಮ್ಮ, ಮನೆಯ ಮುಂಭಾಗದಲ್ಲೇ ಅಂಗಡಿ ಇಟ್ಟುಕೊಂಡು ಕೋಳಿ ಮೇವು ಮಾಡಿ ಕೊಡುವವಳು. ಜೋಳದ ನುಚ್ಚು, ಅಕ್ಕಿ ತೌಡು, ಕಡಲೆಕಾಯಿ ಹಿಂಡಿ, ಒಣಮೀನಿನ ಪುಡಿ, ಚೂರು ಉಪ್ಪು, ಕೊನೆಗೆ ಊರವರು ತಂದುಕೊಡುವ ಹಳೇ ಮೊಟ್ಟೆಚಿಪ್ಪನ್ನು ಹುರಿದು ಕುಟ್ಟಿದ ಪುಡಿ. ಜರಡಿ ಹಿಡಿದು ದೂಳು ತೆಗೆದು ಕೊಡುತ್ತೇನೆ. ನಮ್ಮವ್ವ ಕಲಿಸಿದ ಲೆಕ್ಕ ಒಂದೇ: ಒಂಬತ್ತು ಹಿಡಿ ಮೇವಿಗೆ ಒಂದು ಹಿಡಿ ಚಪಲ. ಚಪಲ ಅಂದರೆ ಪುರಿ, ಅನ್ನ, ಸೌತೆಸಿಪ್ಪೆ, ಹುಳ, ಪ್ರೀತಿಗೆ ಕೈಯಲ್ಲಿ ಹಾಕುವಂಥದ್ದು. ಅದೂ ಸಂಜೆ ಹಾಕಬೇಕು. ಬೆಳಗ್ಗೆ ಬೆಳಗ್ಗೆ ಚಪಲ ತಿಂದ ಕೋಳಿ ಮೇವಿನ ಕಡೆ ತಿರುಗಿಯೂ ನೋಡುವುದಿಲ್ಲ, ಥೇಟ್ ಮಕ್ಕಳ ಹಾಗೆ. ಎಷ್ಟು ಸಲ ಹೇಳಿದರೂ ಜನ ಕೇಳಬೇಕಲ್ಲ. ಎಲ್ಲರಿಗೂ ತಮ್ಮ ಕೋಳಿಗೆ ತಮ್ಮ ಕೈಯಿಂದಲೇ ಏನಾದರೂ ತಿನ್ನಿಸುವ ಆಸೆ.

ಗಂಡ ಹೋದ ಮೇಲೆ ಹದಿನಾಲ್ಕು ವರ್ಷದಿಂದ ನಾನು ಒಬ್ಬಳೇ. ಒಬ್ಬಳೇ ಇರುವವಳು ಯಾರ ಮೇಲೆ ಮುನಿಸಿಕೊಳ್ಳುತ್ತಾಳೆ? ನನ್ನ ಬಾಗಿಲ ಮೊಳೆ ಒಂದು ದಿನವೂ ಬರಿದಾಗಿರಲಿಲ್ಲ, ನನಗೆ ಅದರ ಜಂಬವೂ ಇತ್ತು. ನನ್ನ ಕೋಳಿ ಕೆಂಚಿ ಒಳ್ಳೆ ಕಂದು ಮೊಟ್ಟೆ ಇಕ್ಕುತ್ತಿದ್ದಳು, ಗಟ್ಟಿ ಚಿಪ್ಪಿನದು.

ಎದುರು ಮನೆ ಜವರಪ್ಪನದು. ಅವನು ಅಕ್ಕಿ ಅರಳಿಸಿ ಪುರಿ ಹುರಿಯುವವನು. ಹಿತ್ತಿಲಲ್ಲಿ ಅವನ ಪುರಿಭಟ್ಟಿ, ಭಟ್ಟಿಯ ಪಕ್ಕದಲ್ಲಿ ಅವನ ಕೋಳಿ ಚೆನ್ನಿಯ ಗೂಡು. ಮಗ ಮರಿಸ್ವಾಮಿ ಮೂಟೆ ಹೊತ್ತು ಸುತ್ತಲ ಊರುಗಳಿಗೆ ಪುರಿ ಮಾರಿ ಬರುತ್ತಾನೆ. ಹಿಂದಿನ ವರ್ಷ ಸೊಸೆ ಬಂದಳು, ಹೊಂಬಾಳೆ. ತಂದೆತಾಯಿ ಇಲ್ಲದ ಹುಡುಗಿ, ದೂರದಲ್ಲಿ ಚಿಕ್ಕಪ್ಪನ ಮನೆಯಲ್ಲಿ ಬೆಳೆದವಳು. ಆ ಮನೆಯಲ್ಲಿ ಅವಳನ್ನು ಯಾರೂ ಹೆಸರು ಹಿಡಿದು ಕರೆದೇ ಇರಲಿಲ್ಲವಂತೆ. "ಇವಳೇ" ಅನ್ನುತ್ತಿದ್ದರಂತೆ. ಇಲ್ಲಿಗೆ ಬಂದ ಮೊದಲ ದಿನ ಜವರಪ್ಪ ಬೀದಿಗೆಲ್ಲ ಕೇಳುವ ಹಾಗೆ "ಹೊಂಬಾಳೇ, ಬಾರವ್ವ ಉಣ್ಣಾಕೆ" ಎಂದು ಕೂಗಿದಾಗ ಆ ಹುಡುಗಿ ಬಾಗಿಲಲ್ಲೇ ನಿಂತು ಅತ್ತುಬಿಟ್ಟಳು. ಅದನ್ನು ನಾನು ಕಣ್ಣಾರೆ ಕಂಡೆ. ಆಗ ನನ್ನ ಕಣ್ಣು ಚೆನ್ನಾಗಿತ್ತು.

ಎಲ್ಲಾ ಶುರುವಾದದ್ದು ನನ್ನ ಅಂಗಡಿಯಲ್ಲಿ. ಒಂದು ದಿನ ಜವರಪ್ಪ ಮೇವಿಗೆ ಬಂದ. ಚೀಲಕ್ಕೆ ಅಳೆದು ಸುರಿದದ್ದನ್ನು ಒಂದು ಹಿಡಿ ತೆಗೆದು ಉಫ್ ಎಂದು ಊದಿದ.

"ಸಾಕಮ್ಮ, ಇದೇನು ಮೇವಾ, ಬೀದಿ ಗುಡಿಸಿದ್ದಾ?" ಅಂದ.

ಅಂಗಡಿಯಲ್ಲಿದ್ದ ನಾಲ್ಕು ಜನ ಕಿಸಕ್ಕನೆ ನಕ್ಕರು. ನನಗೆ ಮೈಯೆಲ್ಲ ಉರಿದುಹೋಯಿತು.

"ಅಷ್ಟೊಂದು ನಾಜೂಕಾದ್ರೆ ನಿನ್ ಪುರೀನೇ ಹಾಕ್ಕೊಂಡು ಸಾಕ್ಕೋ ಹೋಗಯ್ಯ" ಅಂದೆ.

"ಹಾಕ್ತೀನಿ ಬುಡು. ನನ್ ಪುರಿಲಿ ದೂಳಂತೂ ಇಲ್ಲ" ಎಂದವನೇ ಮೇವನ್ನು ನನ್ನ ಡಬ್ಬಕ್ಕೆ ತಿರುಗಿ ಸುರಿದು ಚೀಲ ಕೊಡವಿಕೊಂಡು ಹೋದ. ಮೇವಿನಲ್ಲಿ ದೂಳಿತ್ತೋ ಇಲ್ಲವೋ, ಅದನ್ನು ಆಮೇಲೆ ಹೇಳುತ್ತೇನೆ.

ಮಾರನೆಯ ದಿನ ಬೆಳಗ್ಗೆ ಗೂಡಿಗೆ ಕೈ ಹಾಕಿದರೆ ಬರೀ ಹುಲ್ಲು. ಕೆಂಚಿ ನನ್ನನ್ನು ಓರೆಗಣ್ಣಲ್ಲಿ ನೋಡುತ್ತ ನಿಂತಿದ್ದಳು. ಇರಲಿ, ಬಿಸಿಲಿಗೆ ಒಂದು ದಿನ ತಪ್ಪಿರಬೇಕು ಅಂದುಕೊಂಡೆ. ಅದರ ಮಾರನೆಯ ದಿನವೂ ಇಲ್ಲ. ಹದಿನಾಲ್ಕು ವರ್ಷದ ಮೇಲೆ ನನ್ನ ಮೊಳೆ ಬರಿದಾದರೆ ಬೀದಿಯವರು ಏನೆಂದಾರು? ಒಂಟಿ ಮುದುಕಿ ಗೋಡೆಯ ಮೇಲೆ ಮುನಿಸಿಕೊಂಡಿದ್ದಾಳೆ ಎಂದು ಆಡಿಕೊಂಡು ನಗುತ್ತಾರೆ. ಕುಟ್ಟುವುದಕ್ಕೆಂದು ಊರವರು ತಂದುಕೊಟ್ಟ ಚಿಪ್ಪು ಬುಟ್ಟಿ ತುಂಬ ಇತ್ತು. ಒಂದನ್ನು ತೆಗೆದು ಸಿಕ್ಕಿಸಿದೆ. ಆಮೇಲೆ ದಿನಾ ಒಂದೊಂದು. ನನ್ನ ಬಾಗಿಲನ್ನು ಯಾರೂ ಅನುಮಾನದಿಂದ ನೋಡುವವರಿರಲಿಲ್ಲವಲ್ಲ.

ಜವರಪ್ಪ ಹೇಳಿದಂತೆಯೇ ಮಾಡಿದ. ಬೆಳಗ್ಗೆ ಪುರಿ, ಮಧ್ಯಾಹ್ನ ಪುರಿ, ಭಟ್ಟಿಯಿಂದ ತೆಗೆದ ಬಿಸಿ ಪುರಿ. ಚೆನ್ನಿಗೋ ಹಬ್ಬವೇ ಹಬ್ಬ. ಅವನು ಭಟ್ಟಿಯ ಮುಂದೆ ಕೂತರೆ ಅವನ ತೊಡೆಯ ಮೇಲೇ ಹತ್ತಿ ಕೂರುತ್ತಿದ್ದಳು. ಪುರಿ ಹೊಟ್ಟೆ ತುಂಬಿಸುತ್ತದೆಯೇ ಹೊರತು ಚಿಪ್ಪು ಕಟ್ಟುವುದಿಲ್ಲ. ಹದಿನೈದು ದಿನಕ್ಕೆ ಚೆನ್ನಿಯ ಮೊಟ್ಟೆ ತೊಗಲಿನ ಹಾಗೆ ಮೆತ್ತಗಾಯಿತಂತೆ, ಆಮೇಲೆ ನಿಂತೇಹೋಯಿತು. ಎದುರು ಮನೆಯ ಮೊಳೆ ಬರಿದಾಗಿದೆ ಎಂದು ನನ್ನ ಅಂಗಡಿಗೆ ಬಂದವರೇ ಹೇಳಿದರು. ಕಾರಣ ಗೊತ್ತಿದ್ದವಳು ಊರಿಗೆಲ್ಲ ನಾನೊಬ್ಬಳೇ. ಬಂದು ನನ್ನನ್ನು ಕೇಳಲಿ, ಆಗ ಹೇಳುತ್ತೇನೆ ಎಂದು ಬಾಯಿ ಬಿಗಿದುಕೊಂಡು ಕೂತೆ. ಅವನು ಬರಲಿಲ್ಲ.

ಬೀದಿಯವರಿಗೆ ಕೋಳಿಯ ಹೊಟ್ಟೆ ಹೊಳೆಯಲಿಲ್ಲ. ಮೊಟ್ಟೆ ಇಲ್ಲ ಎಂದರೆ ಮಾತು ಉಳಿದಿದೆ ಅಂತಲೇ ನಮ್ಮವರ ಲೆಕ್ಕ. ಹೊಸ ಸೊಸೆ ಇರುವ ಮನೆ ಬೇರೆ. ಒಬ್ಬರು ಮಾವನಿಗೂ ಸೊಸೆಗೂ ಸರಿಯಿಲ್ಲ ಅಂದರು, ಇನ್ನೊಬ್ಬರು ಗಂಡಹೆಂಡಿರ ನಡುವೆಯೇ ಏನೋ ಇದೆ ಅಂದರು. ಒಂಬತ್ತನೆಯ ದಿನ ಮೂವರನ್ನೂ ಕಟ್ಟೆಗೆ ಕರೆದರು.

ಕಟ್ಟೆ ನಡೆಸುವವಳು ಹಲಗಮ್ಮ. ಊರಲ್ಲಿ ಎಲ್ಲರಿಗಿಂತ ಹಿರಿಯಳು, ಕೈಯಲ್ಲಿ ಎಲೆಅಡಿಕೆ ಕುಟ್ಟುವ ಪುಟ್ಟ ಒರಳು. ಅವಳು ಒರಳು ಕುಟ್ಟುವುದು ನಿಲ್ಲಿಸಿದರೆ ಮಾತು ಶುರು ಮಾಡಬೇಕು. ಪಾಪ, ಆ ಮೂವರ ಹೊಟ್ಟೆಯಲ್ಲಿ ಏನಿದ್ದೀತು? ಹುಡುಕಿ ಹುಡುಕಿ ತೆಗೆದರು. ಮರಿಸ್ವಾಮಿ ಹೆಂಡತಿಯ ಸೊಪ್ಪಿನ ಸಾರು ಸ್ವಲ್ಪ ಹುಳಿ ಅಂದ. ಹೊಂಬಾಳೆ ಗಂಡನ ಗೊರಕೆಗೆ ಕಿವಿಗೆ ಹತ್ತಿ ಇಟ್ಟುಕೊಂಡು ಮಲಗುತ್ತೇನೆ ಅಂದಳು. ಜವರಪ್ಪ ಬಹಳ ಹೊತ್ತು ಯೋಚನೆ ಮಾಡಿ, ಸೊಸೆ ತನಗೆಂದು ತೆಗೆದಿಟ್ಟುಕೊಂಡಿದ್ದ ಒಬ್ಬಟ್ಟನ್ನು ತಾನೇ ತಿಂದು ತಪ್ಪನ್ನು ಬೆಕ್ಕಿನ ಮೇಲೆ ಹಾಕಿದ್ದಾಗಿ ಒಪ್ಪಿಕೊಂಡ. ಊರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಮೂವರೂ ನಗುತ್ತಲೇ ಮನೆಗೆ ಹೋದರು.

ಮೊಟ್ಟೆ ಬರಲಿಲ್ಲ.

ಆಮೇಲೆ ಆ ಮನೆಯಲ್ಲಿ ನಗು ನಿಂತಿತು. ಇನ್ನೂ ಏನೋ ಉಳಿದಿದೆ ಎಂದು ಊರು ಹೇಳಿದರೆ ಯಾರಲ್ಲಿ ಉಳಿದಿದೆ? ಮರಿಸ್ವಾಮಿ ಹೆಂಡತಿಯ ಮುಖ ನೋಡುತ್ತಾನೆ, ಹೆಂಡತಿ ಮಾವನ ಮುಖ ನೋಡುತ್ತಾಳೆ. ಇಲ್ಲದ ಮುಳ್ಳನ್ನು ಹುಡುಕಿ ಹುಡುಕಿ ಕಾಲು ಕೆರೆದುಕೊಂಡು ಗಾಯ ಮಾಡಿಕೊಳ್ಳುತ್ತಾರಲ್ಲ, ಹಾಗಾಯಿತು. ಇತ್ತ ಜವರಪ್ಪನಿಗೆ ಇನ್ನೊಂದು ಉಪಾಯ ಹೊಳೆಯಿತು. ಕೋಳಿಯನ್ನು ಖುಷಿಪಡಿಸಿದರೆ ಇಕ್ಕಬಹುದು. ಪುರಿಯ ಜೊತೆಗೆ ಬೆಲ್ಲ ಸೇರಿತು, ಕೊಬ್ಬರಿ ಸೇರಿತು. ಬೀದಿಯವರೂ ಕರುಣೆಯಿಂದ ಕೈ ಜೋಡಿಸಿದರು. ಒಬ್ಬರ ಮನೆಯಿಂದ ಅನ್ನ, ಒಬ್ಬರಿಂದ ಬೋಂಡ, ಒಬ್ಬರಿಂದ ಎಳ್ಳುಂಡೆ. ದಾರಿಯಲ್ಲಿ ಹೋಗುವವರೆಲ್ಲ ಚೆನ್ನಿಯ ಮುಂದೆ ಏನಾದರೂ ಉದುರಿಸಿ "ಇಕ್ಕು ನಮ್ಮವ್ವ" ಎಂದು ಕೈ ಮುಗಿದು ಹೋಗುತ್ತಿದ್ದರು.

ಒಂದು ಮಧ್ಯಾಹ್ನ ಅವರ ಹಿತ್ತಿಲ ಬೇಲಿಯ ಪಕ್ಕ ಹಾದು ಹೋಗುತ್ತಿದ್ದೆ. ಜವರಪ್ಪ ಭಟ್ಟಿಯ ಬೂದಿಯಲ್ಲಿ ಕುಕ್ಕರಗಾಲಲ್ಲಿ ಕೂತು ಚೆನ್ನಿಯ ಬಾಯಿಗೆ ಒಂದೊಂದೇ ಪುರಿ ಇಡುತ್ತಿದ್ದ. ಚೆನ್ನಿ ಊದಿ ಗುಡಾಣವಾಗಿದ್ದಳು. ಎರಡು ಹೆಜ್ಜೆ ಇಟ್ಟರೆ ಏದುಸಿರು ಬಿಡುತ್ತಿದ್ದಳು.

"ತಿನ್ನು ಚೆನ್ನಿ. ಒಂದೇ ಒಂದು ಇಕ್ಕವ್ವ. ನನ್ ಸೊಸೆ ಎಲ್ಲಿಗೆ ಹೋದಾಳು ಹೇಳು? ಅವಳಿಗೆ ಯಾರವ್ರೆ?" ಎನ್ನುತ್ತ ಕಣ್ಣು ಒರೆಸಿಕೊಳ್ಳುತ್ತಿದ್ದ.

ಬೇಲಿಯಾಚೆಯಿಂದ ಒಂದು ಮಾತು ಹೇಳಿದ್ದರೆ ಸಾಕಿತ್ತು, ಪುರಿ ನಿಲ್ಲಿಸಯ್ಯ ಎಂದು. ಹೇಳಿದರೆ ಮೇವಿನ ಮಾತು ಬರುತ್ತದೆ, ಮೇವಿನ ಮಾತು ಬಂದರೆ ದೂಳಿನ ಮಾತು ಬರುತ್ತದೆ. ತಲೆ ತಗ್ಗಿಸಿಕೊಂಡು ಬಂದುಬಿಟ್ಟೆ. ಇದನ್ನು ಹೇಳುವಾಗಲೂ ನನಗೆ ನಾಚಿಕೆಯಾಗುತ್ತದೆ.

ಎರಡನೆಯ ಸುತ್ತಿನ ಎಂಟನೆಯ ದಿನ ಹೊಂಬಾಳೆ ನನ್ನ ಅಂಗಡಿಗೆ ಬಂದಳು. ಕಣ್ಣು ಬಾತುಕೊಂಡಿತ್ತು.

"ಸಾಕವ್ವ, ನಾಳೆ ಕಳಿಸಿಬುಡ್ತಾರೆ. ಹೋಗೋಕೆ ಮುಂಚೆ ಒಂದು ಕೇಳ್ತೀನಿ. ಮನ್ಸಲ್ಲಿ ಮುನಿಸಿರೋದು ನಮಗೇ ಗೊತ್ತಿಲ್ದಂಗೆ ಇರ್ತದಾ?"

"ಯಾಕವ್ವ ಹಂಗಂತೀಯ?"

"ನನ್ ಒಳಗೆ ಏನೂ ಇಲ್ಲ ಕನವ್ವ. ಹುಡುಕಿ ಹುಡುಕಿ ಸಾಕಾಯ್ತು. ಮಾವನ ಮೇಲೆ, ಇವರ ಮೇಲೆ ಏನಾದ್ರೂ ಸಿಕ್ಕುದ್ರೆ ಹೇಳ್ಬುಟ್ಟು ಇಲ್ಲೇ ಉಳ್ಕತೀನಿ ಅಂತ ದಿನಾ ಹುಡುಕ್ತೀನಿ. ಸಿಕ್ತಾನೇ ಇಲ್ಲ."

ಮಾತಾಡುತ್ತಲೇ ಅವಳ ಕೈ ಮೇವಿನ ಡಬ್ಬದೊಳಗೆ ಆಡುತ್ತಿತ್ತು. ಸುಮ್ಮನಿರಲಾರದ ಕೈ ಅದು. ಒಂದು ಕಡ್ಡಿ ತೆಗೆದಳು, ಒಂದು ಕಲ್ಲು ತೆಗೆದಳು, ಅಂಗೈ ಕೊಡವಿಕೊಂಡಳು.

"ಇದ್ರಲ್ಲಿ ಬಾಳ ದೂಳದೆ ಸಾಕವ್ವ. ಕುತ್ಕಂಡು ಜರಡಿ ಹಿಡ್ಕೊಡ್ಲಾ? ಹೆಂಗೂ ಮನೇಲಿ ಇರಾಕೆ ಆಯ್ತಿಲ್ಲ."

ನಾನು ಡಬ್ಬದ ಮುಚ್ಚಳ ಎಳೆದು ಮುಚ್ಚಿದೆ. ಅವಳು ಹೊರಡುವಾಗ ಬಾಗಿಲಲ್ಲಿ ನಿಂತು ಮೊಳೆಯ ಕಡೆ ನೋಡಿದಳು. ಹಿಂದಕ್ಕೆ ಬಂದು ದನಿ ತಗ್ಗಿಸಿದಳು.

"ಸಾಕವ್ವ, ನಿನ್ ಕೆಂಚಿ ಇಕ್ಕೋದು ಕಂದು ಮೊಟ್ಟೆ ಅಲ್ವಾ? ಇದು ಬಿಳೀದು."

ಬುಟ್ಟಿಯಿಂದ ತೆಗೆದ ಚಿಪ್ಪು ಕಂದೋ ಬಿಳಿಯೋ ನನಗೆ ಕಂಡೇ ಇರಲಿಲ್ಲ. ಹೊಂಬಾಳೆ ಆ ಚಿಪ್ಪನ್ನು ಮೊಳೆಯಿಂದ ಬಿಡಿಸಿದಳು. ಬುಟ್ಟಿಯಲ್ಲಿ ಕೈಯಾಡಿಸಿ ಒಂದು ಕಂದು ಚಿಪ್ಪು ಹುಡುಕಿ ಸಿಕ್ಕಿಸಿದಳು.

"ಯಾರ್ಗೂ ಹೇಳಕ್ಕಿಲ್ಲ ಬುಡು" ಎಂದು ನನ್ನ ಭುಜ ಮುಟ್ಟಿ ಹೋದಳು.

ನಾಳೆ ಊರು ಬಿಡಬೇಕಾದ ಹುಡುಗಿ ನನ್ನ ಮಾನ ಮುಚ್ಚಿ ಹೋದಳು. ಅವತ್ತು ನಾನು ಒಲೆ ಹಚ್ಚಲಿಲ್ಲ.

ಬೆಳಗ್ಗೆ ಕಟ್ಟೆಯ ಸುತ್ತ ಊರೇ ಸೇರಿತ್ತು. ಹೊಂಬಾಳೆಯ ಬಟ್ಟೆಗಂಟು ಕಟ್ಟೆಯ ಮೇಲಿತ್ತು, ಮರಿಸ್ವಾಮಿ ಅದರ ಪಕ್ಕ ಕಂಬದ ಹಾಗೆ ನಿಂತಿದ್ದ. ಜವರಪ್ಪ ಯಾರನ್ನೂ ನೋಡದೆ ನೆಲ ನೋಡುತ್ತ ಕೂತಿದ್ದ. ಹಲಗಮ್ಮ ಒರಳು ಕುಟ್ಟುವುದನ್ನು ನಿಲ್ಲಿಸಿದಳು. ಅವಳು ಬಾಯಿ ತೆರೆಯುವ ಮೊದಲೇ ನಾನು ಕಟ್ಟೆ ಹತ್ತಿ ಜವರಪ್ಪನ ಎದುರಿಗೆ ಕೂತೆ.

"ಏನೇ ಸಾಕಿ, ನೀನ್ಯಾಕೆ ಕೂತೆ?" ಎಂದಳು ಹಲಗಮ್ಮ.

"ಉಳಿದಿರೋ ಮಾತು ನಂದು ಕನಕ್ಕ. ಆ ಮನೇಲಿ ಯಾರ್ದೂ ಏನೂ ಇಲ್ಲ. ಚೆನ್ನಿ ಒಂದು ತಿಂಗಳಿಂದ ಬರೀ ಪುರಿ ತಿಂದವಳೆ. ಹಾಕು ಅಂದೋಳು ನಾನೇ. ಗೊತ್ತಿದ್ದೂ ಗೊತ್ತಿದ್ದೂ ಸುಮ್ಮನಿದ್ದೋಳೂ ನಾನೇ."

ಅಂಗಡಿಯಲ್ಲಿ ನಡೆದದ್ದನ್ನು ಹೇಳಿದೆ. ಕೆಂಚಿ ಇಕ್ಕದೆ ತಿಂಗಳು ಮೀರಿದ್ದನ್ನು ಹೇಳಿದೆ. ಊರವರ ಚಿಪ್ಪನ್ನೇ ಊರವರಿಗೆ ತೋರಿಸುತ್ತಿದ್ದೆ ಎಂದಾಗ ಜನರೆಲ್ಲ ಹಾ ಎಂದರು. ಹಲಗಮ್ಮ ಮುಂದಕ್ಕೆ ಬಾಗಿದಳು.

"ಜವರ ಅಂದಿದ್ದು ನಿಜಾನಾ ಸುಳ್ಳಾ? ದೂಳಿತ್ತಾ?"

ಅದೊಂದು ಪ್ರಶ್ನೆ ಬಾರದಿರಲಿ ಎಂದು ರಾತ್ರಿಯೆಲ್ಲ ಬೇಡಿಕೊಂಡಿದ್ದೆ.

"ಇತ್ತು" ಅಂದೆ. "ಒಂದು ವರ್ಷದಿಂದ ನನ್ ಕಣ್ಣಿಗೆ ಮಂಜು ಕನಕ್ಕ. ಜರಡಿ ಹಿಡಿದ್ರೂ ದೂಳು ಕಾಣಾಕಿಲ್ಲ. ಕಣ್ಣು ಕಾಣದೋಳ ಕೈಲಿ ಯಾರು ಮೇವು ತಗೋತಾರೆ ಅಂತ ಮುಚ್ಚಿಟ್ಟೆ. ಜವರಪ್ಪ ಊದುದ್ದಕ್ಕೆ ನಂಗೆ ಕೋಪ ಬರ್ಲಿಲ್ಲ, ಭಯ ಬಂತು."

"ಅಯ್ಯೋ ಪಾಪ" ಎಂದು ಯಾರೋ ಹೆಂಗಸು ಅಂದಳು. ಇನ್ನೊಬ್ಬರು "ಎಲ್ಲಾ ಗೊತ್ತಿಟ್ಕೊಂಡು ಆ ಹುಡುಗಿ ಗಂಟು ಕಟ್ಟೋಗಂಟ ಕಾಯ್ತಿದ್ದಲ್ಲ ಸಾಕಮ್ಮ" ಅಂದರು. ಆಮೇಲೆ ಎಲ್ಲರ ಬಾಯಲ್ಲೂ ಪಾಪ ಪಾಪ ಅನ್ನುವುದೇ ಆಯಿತು. ಜವರಪ್ಪ ಮಾತ್ರ ತಲೆ ಎತ್ತಲಿಲ್ಲ. ಅವನ ದವಡೆ ಅಲುಗುತ್ತಿದ್ದುದು ನನ್ನ ಮಂಜುಗಣ್ಣಿಗೂ ಕಂಡಿತು.

ಹಲಗಮ್ಮ ತೀರ್ಮಾನ ಕೊಟ್ಟಳು. ನಾಳೆ ಕೆಂಚಿ ಇಕ್ಕಿದರೆ ಸಾಕಿ ಹೇಳಿದ್ದು ಪೂರ್ತಿ ಎಂದು ತಿಳಿಯೋಣ, ಆಗ ಚೆನ್ನಿಗೂ ಇನ್ನೂ ಒಂಬತ್ತು ದಿನ ಕೊಡೋಣ. ಇಕ್ಕದಿದ್ದರೆ ಗಂಟು ಕಟ್ಟಿದ್ದಂತೂ ಇದ್ದೇ ಇದೆ, ಹೊಂಬಾಳೆ ಹೊರಡಲಿ.

ಮಾರನೆಯ ಬೆಳಗ್ಗೆ ಗೂಡಿಗೆ ಕೈ ಹಾಕಲು ನನಗೆ ಧೈರ್ಯ ಬರಲಿಲ್ಲ. ಕೊನೆಗೆ ಕಣ್ಣು ಮುಚ್ಚಿಕೊಂಡು ಹಾಕಿದೆ. ಬೆಚ್ಚಗೆ ದುಂಡಗೆ ಅಂಗೈಗೆ ಬಂತು. ಆ ಮೊಟ್ಟೆಯನ್ನು ಸೆರಗಲ್ಲಿ ಹಿಡಿದುಕೊಂಡು, ಈ ವಯಸ್ಸಿನಲ್ಲಿ, ಹಲಗಮ್ಮನ ಮನೆವರೆಗೂ ಓಡಿದೆ. ದಾರಿಯಲ್ಲಿ ಎದುರಾದವರು ಮೊಟ್ಟೆ ಆಯ್ತಾ ಎಂದು ಕೇಳುವ ಮೊದಲೇ ಆಯ್ತು ಆಯ್ತು ಎಂದು ಕೂಗಿದೆ.

ಆ ಒಂಬತ್ತು ದಿನ ಹೊಂಬಾಳೆ ಬೆಳಕು ಹರಿಯುತ್ತಲೇ ನನ್ನ ಅಂಗಡಿಗೆ ಬಂದು ಜರಡಿ ಹಿಡಿದಳು. ನಾನು ಅಳೆದು ಬೆರೆಸಿದೆ. ಒಂದು ವರ್ಷದ ಮೇಲೆ ನನ್ನ ಮೇವು ಮೇವಿನ ಹಾಗಿತ್ತು. ಚೆನ್ನಿಗೆ ಬೆಳಗ್ಗೆ ಮೇವು, ಮಧ್ಯಾಹ್ನ ಮೇವು, ಕುಡಿಯಲು ನೀರು, ಅಷ್ಟೇ. ಸಪೂರ ಆಗುವ ತನಕ ಆ ಒಂದು ಹಿಡಿ ಚಪಲವೂ ಬೇಡ ಎಂದು ಹೇಳಿದ್ದೆ. ಬೀದಿಯವರೆಲ್ಲ ಕೈ ಕಟ್ಟಿಕೊಂಡು ಓಡಾಡಿದರು. ಮೊದಲ ಎರಡು ದಿನ ಚೆನ್ನಿ ಮೇವಿಗೆ ಬೆನ್ನು ಹಾಕಿ ಕೂತು ಊರಿಗೆಲ್ಲ ಕೇಳುವ ಹಾಗೆ ಗೊಣಗಿದಳು. ಜವರಪ್ಪ ಅದನ್ನು ನೋಡಲಾರದೆ ಭಟ್ಟಿಗೆ ಮುಖ ಮಾಡಿ, ಕೋಳಿಗೆ ಬೆನ್ನು ಮಾಡಿ ಕೂತು ಪುರಿ ಹುರಿದನಂತೆ. ಮೂರನೆಯ ದಿನ ಹಸಿವು ಗೆದ್ದಿತು. ಆರನೆಯ ದಿನ ಚೆನ್ನಿ ಗೋಡೆ ಹತ್ತಿದಳು. ಎಂಟನೆಯ ದಿನ ಹೊಂಬಾಳೆ ಅವಳನ್ನು ಎತ್ತಿಕೊಂಡು ಬಂದು ತೋರಿಸಿದಳು. ಎದೆಮೂಳೆ ಬೆರಳಿಗೆ ಸಿಕ್ಕಿತು, ಜುಟ್ಟು ಕೆಂಪೇರಿದೆ ಎಂದು ಹುಡುಗಿಯೇ ಹೇಳಿದಳು. ನಾಳೆ ಇಕ್ಕುತ್ತಾಳೆ, ಬರೆದಿಟ್ಟುಕೋ ಅಂದೆ.

ಒಂಬತ್ತನೆಯ ಬೆಳಗ್ಗೆ ಗೂಡು ಖಾಲಿ.

ನನಗೆ ತಲೆಯೇ ಓಡಲಿಲ್ಲ. ಮೇವಲ್ಲಿ ತಪ್ಪಿಲ್ಲ, ಮೈಯಲ್ಲಿ ತಪ್ಪಿಲ್ಲ. ಹೊತ್ತು ಏರುತ್ತಿತ್ತು. ಹಲಗಮ್ಮ ಒರಳು ಹಿಡಿದುಕೊಂಡು ನನ್ನ ಅಂಗಡಿಯ ಮುಂದೆ ಬಂದು ನಿಂತಳು. ಹೊಂಬಾಳೆ ಯಾರೂ ಹೇಳುವ ಮೊದಲೇ ಗಂಟು ತಂದು ಅವರ ಮನೆಯ ಮೆಟ್ಟಿಲ ಮೇಲೆ ಇಟ್ಟಳು. ಅಳಲಿಲ್ಲ. ಗಂಟಿನ ಗಂಟನ್ನು ಬಿಚ್ಚುತ್ತಿದ್ದಳು, ಕಟ್ಟುತ್ತಿದ್ದಳು.

ಆಗ ಜವರಪ್ಪ ಬೀದಿ ದಾಟಿ ಬಂದ. ಆ ಒಂಬತ್ತು ದಿನ ಅವನು ನನ್ನೊಡನೆ ಒಂದು ಮಾತನ್ನೂ ಆಡಿರಲಿಲ್ಲ. ಮೇವಿಗೂ ಮಗನನ್ನೇ ಕಳಿಸುತ್ತಿದ್ದ. ಬೇಜಾರಿರಬೇಕು, ತಾನಾಗಿ ಹೋಗುತ್ತದೆ ಎಂದು ನಾನೂ ಬಿಟ್ಟಿದ್ದೆ. ಬಂದವನು ನನ್ನ ಮುಂದೆ ನಿಂತ.

"ಸಾಕಮ್ಮ, ನಂಗೆ ನಿನ್ ಮೇಲೆ ಕೋಪ ಅದೆ."

"ಗೊತ್ತು ಕನಯ್ಯ."

"ಗೊತ್ತಿಲ್ಲ ನಿಂಗೆ. ಪೂರ್ತಿ ಕೇಳು. ಅವತ್ತು ಕಟ್ಟೆ ಮೇಲೆ ಎಲ್ಲಾರೂ ಪಾಪ ಪಾಪ ಅಂದ್ರು. ನಾನು ಬಾಯಿ ಬುಡಾಕಾಗ್ಲಿಲ್ಲ. ಕಣ್ಣು ಕಾಣದೋಳ್ನ ಬೈದ್ರೆ ನಾನೇ ಕೆಟ್ಟೋನಾಯ್ತಿದ್ದೆ. ಅದ್ಕೆ ನುಂಗ್ಕೊಂಡೆ. ಆ ಮಗು ದಿನಾ ಗಂಟು ಬಿಚ್ಚೋದು ಕಟ್ಟೋದು ಮಾಡ್ತಿತ್ತು, ನಾನು ಅದರ ಮುಂದೆ ಕೂತ್ಕಂಡು ಕೋಳಿಗೆ ಕೈ ಮುಗೀತಿದ್ದೆ. ನೀನು ಎದುರು ಮನೇಲಿ ಕೂತ್ಕಂಡು ನೋಡ್ತಿದ್ದೆ. ಒಂದು ಮಾತು ಸಾಕಮ್ಮ. ಬೇಲಿಯಿಂದ ಒಂದು ಮಾತು ಕೂಗಿದ್ರೆ ಆಗೋಗಿತ್ತು. ನಿನ್ ಕಣ್ಣು ಮಂಜಾದ್ರೆ ನಾನು ಬಂದು ಜರಡಿ ಹಿಡೀತಿದ್ದೆ. ಒಂದು ಮಾತು ಹೇಳಲಿಲ್ವಲ್ಲ ನೀನು!"

ಅವನ ದನಿ ಒಡೆದುಹೋಯಿತು.

"ತಪ್ಪಾಯ್ತು ಅಂದ್ರೆ ಸಾಲದು, ನಂಗೊತ್ತು" ಅಂದೆ.

"ಸಾಲದು. ಕೋಪ ಇವತ್ತೂ ಅದೆ, ನಾಳೆನೂ ಇರ್ತದೆ."

"ಇರ್ಲಿ ಬುಡು. ನಾಳೆನೂ ಬಂದು ಬೈಯಿ."

ಜವರಪ್ಪ ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಎದುರು ಹಿತ್ತಿಲಿಂದ ಕೇಕೆ ಕೇಳಿಸಿತು. ಮೊಟ್ಟೆ ಇಕ್ಕಿದ ಕೋಳಿಯ ಕೇಕೆ ನಮ್ಮೂರಲ್ಲಿ ಎಳೇ ಕೂಸಿಗೂ ಗೊತ್ತು. ಹೊಂಬಾಳೆ ಮೊದಲು ಎದ್ದಳು. ಗಂಟು ಮೆಟ್ಟಿಲಿಂದ ಉರುಳಿ ಸೀರೆ ಕುಪ್ಪಸ ಎಲ್ಲ ಬೀದಿಗೆ ಬಿದ್ದವು, ಯಾರೂ ಎತ್ತಲಿಲ್ಲ, ಎಲ್ಲರೂ ಹಿತ್ತಿಲಿಗೆ ನುಗ್ಗಿದೆವು. ಹಲಗಮ್ಮನ ಒರಳು ಎಲ್ಲಿ ಬಿತ್ತೋ ಅವಳಿಗೇ ಗೊತ್ತಿಲ್ಲ. ಗೂಡಿನಲ್ಲಿ ಒಂದು ಸಣ್ಣ ಮೊಟ್ಟೆ. ಹೊಂಬಾಳೆ ಅದನ್ನು ಎತ್ತಿ ನನ್ನ ಕೈಗೆ ಕೊಟ್ಟಳು. ಉಗುರಲ್ಲಿ ತಟ್ಟಿ ನೋಡಿದೆ, ಟಣಕ್ಕೆಂದಿತು. ಗಟ್ಟಿ ಚಿಪ್ಪು.

ಮುನಿಸು ಎಂದರೆ ಮನೆಯೊಳಗಿನದು ಮಾತ್ರ ಎಂದು ಅಲ್ಲಿಯವರೆಗೆ ಎಲ್ಲರೂ ತಿಳಿದಿದ್ದೆವು. ಕೋಳಿಗಳಿಗೆ ಒಳಗು ಹೊರಗು ಎಂಬ ಭೇದವೇನೂ ಇದ್ದಂತಿಲ್ಲ.

ಜವರಪ್ಪ ಅರ್ಧ ಚಿಪ್ಪನ್ನು ತಾನೇ ಮೊಳೆಗೆ ಸಿಕ್ಕಿಸಿದ. ಸಿಕ್ಕಿಸಿ, ಬೀದಿಗೆಲ್ಲ ಕೇಳುವ ಹಾಗೆ ಕೂಗಿದ: "ಹೊಂಬಾಳೇ, ಬಾರವ್ವ ಉಣ್ಣಾಕೆ!" ಹೊತ್ತು ಇನ್ನೂ ನೆತ್ತಿಗೆ ಬಂದಿರಲಿಲ್ಲ, ಉಣ್ಣುವ ಹೊತ್ತೇ ಅಲ್ಲ. ಬೀದಿಯಲ್ಲಿ ಬಟ್ಟೆ ಆಯುತ್ತಿದ್ದ ಹುಡುಗಿ "ಬಂದೆ ಮಾವ" ಎಂದು ಕೂಗಿದಳು.

ಈಗಲೂ ದಿನಾ ಬೆಳಗ್ಗೆ ಅವಳೇ ಬಂದು ಜರಡಿ ಹಿಡಿಯುತ್ತಾಳೆ. ಜವರಪ್ಪನೂ ವಾರಕ್ಕೊಮ್ಮೆ ಅಂಗಡಿಗೆ ಬಂದು ಒಂದು ಹಿಡಿ ಮೇವು ತೆಗೆದು ಊದಿ ನೋಡುತ್ತಾನೆ, ಹಳೆಯದನ್ನು ನೆನೆಸಿಕೊಂಡು ನಾಲ್ಕು ಮಾತು ಬೈಯುತ್ತಾನೆ, ನಾನು ಎರಡು ಹಿಂದಿರುಗಿಸುತ್ತೇನೆ. ನನ್ನ ಕೆಂಚಿಯೂ ಅವನ ಚೆನ್ನಿಯೂ ತಪ್ಪದೆ ಇಕ್ಕುತ್ತವೆ.

ಸಂಜೆ ಭಟ್ಟಿ ಆರಿದ ಮೇಲೆ ಅವನು ಬೀದಿ ದಾಟಿ ನನ್ನ ಬಾಗಿಲಿಗೆ ಬಂದು ನಿಲ್ಲುತ್ತಾನೆ. ಒಂದು ಕೈಯಲ್ಲಿ ಚೆನ್ನಿ, ಇನ್ನೊಂದು ಕೈ ಮುಷ್ಟಿ ಕಟ್ಟಿರುತ್ತದೆ.

"ಸಾಕಮ್ಮ, ಒಂದ್ ಚಿಟಿಕೆ ಪುರಿ ಹಾಕ್ಲಾ?"

"ಹಾಕು. ಒಂದೇ ಚಿಟಿಕೆ" ಅನ್ನುತ್ತೇನೆ.

ಆ ಮುಷ್ಟಿಯಲ್ಲಿ ಎಷ್ಟಿರುತ್ತದೋ ನನಗೆ ಗೊತ್ತಿಲ್ಲ. ನನ್ನ ಕಣ್ಣು ಮಂಜು, ಅದು ಈಗ ಊರಿಗೆಲ್ಲ ಗೊತ್ತು.